ಹೋಗಿ ಏನ್ ಮಾಡ್ತೀರಿ?

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರಿನ ಟೈಪಿಂಗ್ ಅಂಗಡಿಯವರು ಪಾಸ್‌ಪೋರ್ಟ್, ವೀಸಾ ಅರ್ಜಿಗಳನ್ನೂ ತುಂಬಿಕೊಡುತ್ತಿದ್ದರು. ಯಾರೇ ಬಂದು ಹೊರದೇಶದ ಹೆಸರು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದುದು ಒಂದೇ ಮಾತು: “ಹೋಗಿ ಏನ್ ಮಾಡ್ತೀರಿ?” ಉತ್ತರ ಸಿಗುವ ತನಕ ಯಂತ್ರಕ್ಕೆ ಕಾಗದ ಏರಿಸುತ್ತಿರಲಿಲ್ಲ.

ಮಸ್ಕತ್‌ನಲ್ಲಿದ್ದ ಅಕ್ಕನ ಬಾಣಂತನಕ್ಕೆ ಹೊರಟ ಅವ್ವನನ್ನು ಅವರ ಬಳಿ ನಾನೇ ಕರೆದೊಯ್ದಿದ್ದೆ.

“ಕೆಲಸ ಮಾಡಾಕ್ರಿ,” ಎಂದಳು ಅವ್ವ. “ಕೂಸಿಗೆ ಎರೆಯೋದು, ಲೋಬಾನ ಹಾಕೋದು, ಬಾಣಂತಿ ಅಡಿಗಿ, ಎಲ್ಲಾ ನಂದ.”

“ಹಂಗಂದ್ರ ವಿಮಾನ ಇಳಿದ ಕೂಡ್ಲೆ ತಿರುಗಿ ಕಳಿಸ್ತಾರ್ರಿ ಯವ್ವಾ. ಕೆಲಸದ ವೀಸಾನ ಬ್ಯಾರೆ. ಮಗಳನ್ನ ನೋಡಾಕ ಅನ್ರಿ.”

“ಬರೇ ನೋಡಾಕ ಅಷ್ಟು ದೂರ ಯಾರು ಹೋಗ್ತಾರ್ರಿ?”

ಅವರು ನಗಲಿಲ್ಲ. ಪ್ರವಾಸಿ ವೀಸಾ ಒಂದೇ ತಿಂಗಳಿಗೆ ಮುಗಿಯುತ್ತದೆ, ಬಾಣಂತನಕ್ಕೆ ಸಾಲದು ಎಂದು ಬಂಧುಗಳನ್ನು ನೋಡಲು ಕೊಡುವ ಮೂರು ತಿಂಗಳ ವಿಸಿಟ್ ವೀಸಾವನ್ನೇ ಆರಿಸಿದರು. ಆಮೇಲೆ ತಾವೇ ಮಸ್ಕತ್ ವಿಮಾನ ನಿಲ್ದಾಣದ ಅಧಿಕಾರಿಯಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಅದೇ ಪ್ರಶ್ನೆ ಕೇಳಿದರು. ಮೊದಲ ನಾಲ್ಕು ಸಲವೂ ಅವ್ವನ ಬಾಯಿಂದ “ಕೆಲಸ” ಎಂದೇ ಬಂತು. ಐದನೆಯ ಸಲ, ಸುಳ್ಳು ಹೇಳುವವಳಂತೆ ತಲೆ ತಗ್ಗಿಸಿ, “ನೋಡಾಕ್ರಿ,” ಎಂದಳು.

ಮೂರು ತಿಂಗಳು ಕಳೆದು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಅವ್ವ ಚೀಲ ನನ್ನ ಕೈಗೆ ಕೊಟ್ಟು ನೇರ ಆ ಅಂಗಡಿಗೆ ನಡೆದಳು.

“ಇನ್ನೊಮ್ಮೆ ಹೋಗಬೇಕ್ರಿ. ಬರೋ ಮುಂದ ಕೂಸು ನನ್ನ ಗುರುತು ಹಿಡಿದು ನಗಾಕ ಹತ್ತಿತ್ತು.”

ಕನ್ನಡಕ ಹಣೆಗೇರಿತು. “ಬಾಣಂತನ ಮುಗೀತಲ್ರಿ. ಈಗ ಹೋಗಿ ಏನ್ ಮಾಡ್ತೀರಿ?”

“ನೋಡಾಕ್ರಿ,” ಎಂದಳು ಅವ್ವ, ಈ ಸಲ ತಲೆ ಎತ್ತಿ.

ಅವರು ಯಂತ್ರಕ್ಕೆ ಕಾಗದ ಏರಿಸಿದರು.