ಹೊಳೆವ್ವಗ ಹಾಕಿದ ಗಂಟು

ಇವತ್ತ ಮುಂಜಾನೆ ಬೆಟಗೇರಿ ಓಣ್ಯಾಗ ಯಾರೋ ಸೀರಿ ನೂಲಿಗೆ ಗಂಜಿ ಹಚ್ಚಾಕತ್ತಿದ್ರು. ಆ ಹುಳಿ ವಾಸನಿ ಮೂಗಿಗೆ ಬಡದಿದ್ದ ತಡ, ಹೊಳೆವ್ವ ನೆನಪಾದ್ಲು.

ಮುಂಡರಗಿ ಕಡೆ ಹೊಳಿ ಬಂದಾಗ ನಮ್ಮ ಕಾಕಾ ತಂದ ನಾಯಿ, ಅದಕ್ಕ ಆ ಹೆಸರು. ಊರ ಮಂದಿ ಎಲ್ಲಾ ಎತ್ತರಕ್ಕ ಹೋಗಿದ್ರಂತ, ಇಕಿನ್ನ ಕಂಬಕ್ಕ ಕಟ್ಟಿದಾಂಗ ಬಿಟ್ಟು. ಕಾಕಾ ಹಗ್ಗ ಬಿಚ್ಚೂ ಹೊತ್ತಿಗೆ ನೀರು ಕುತ್ತಿಗಿಗೆ ಬಂದಿತ್ತು. ಆಗ ನಾ ಸಣ್ಣಾಕಿ, ನನಗ ಅಕ್ಕ ತಂಗಿ ಯಾರೂ ಇರಲಿಲ್ಲ. ಮಗ್ಗದ ಸಪ್ಪಳದಾಗ ಮನ್ಯಾಗ ಯಾರಿಗೂ ನನ್ನ ಮಾತು ಕೇಳತಿರಲಿಲ್ಲ. ಹೊಳೆವ್ವ ಕೇಳತಿದ್ಲು.

ಗಂಜಿ ಹಚ್ಚೂ ದಿನ ಓಣಿ ಉದ್ದಕ್ಕೂ ನೂಲು ಎಳದು ಕಟ್ಟತಿದ್ರು. ಒಂದಿನ ಹೊಳೆವ್ವ ನನ್ನ ಹಿಂದ ಅದರ ಬುಡಕ ನುಗ್ಗಿದ್ಲು. ಹತ್ತಾರು ಎಳಿ ಹರದ್ವು.

"ಗಂಜಿ ಆರೂತನಕಾ ಕಟ್ಟಿ ಹಾಕವಾ. ನಿನಗಾದ್ರ ಸುಮ್ನ ನಿಂದರತೈತಿ," ಅಂದ ಅಪ್ಪ.

ಹೊಳಿ ಬಂದಾಗ ಹಗ್ಗ ಕೊರದ ಕುತ್ತಿಗಿ ಗಾಯದ ಮ್ಯಾಲೆ ಮತ್ತ ಹಗ್ಗ ಹಾಕುವಾಗ ಹೊಳೆವ್ವ ಬೊಗಳಲಿಲ್ಲ, ನಿಂತಲ್ಲೇ ನಡಗಿ ಉಚ್ಚಿ ಹೊಯ್ಕೊಂಡ್ಲು. ನಾ ಅಪ್ಪ ಕಲಿಸಿದಂಗ ಗಂಟು ಹಾಕಿದೆ. ಅಪ್ಪ ಎಳದು ನೋಡಿ, "ಈಗ ನೇಕಾರನ ಮಗಳಾದಿ ನೋಡು," ಅಂದ. ಅವ ನನ್ನ ಹೊಗಳಿದ್ದು ಅದೇ ಮೊದಲು. ಹಿಗ್ಗಿ, ಗಂಜಿ ಬಟ್ಟಲ ಹಿಡಕೊಂಡು ಅವನ ಹಿಂದ ಓಡಾಡಿದೆ.

ಮಧ್ಯಾಹ್ನ ಬಿಚ್ಚಿದೆ. ಹಾಕಿದ ರೊಟ್ಟಿ ಮೂಸಲಿಲ್ಲ, ನನ್ನ ಮಾರಿನೂ ನೋಡಲಿಲ್ಲ. ಓಣಿ ದಾಟಿ ಹೋದಾಕಿ ತಿರುಗಿ ಬರಲಿಲ್ಲ.

"ಏನರ ಕಳಕೊಂಡೀರೇನ್ರಿ?" ಅಂತ ಇವತ್ತ ಗಂಜಿ ಹಚ್ಚಾಕಿ ಕೇಳಿದಾಗ ನನಗ ಎಚ್ಚರಾತು. ನಾ ಬಗ್ಗಿ, ನೂಲಿನ ಬುಡಕ ನೋಡಾಕತ್ತಿದ್ದೆ.