ಗುಮ್ಮಟದೊಳಗಿನ ಮರಳು

ಬೆಹಾಲಾದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಪಿಜ್ಜಾ ಸುಡಲು ಇಟ್ಟಿಗೆಯ ಓವನ್ ಕಟ್ಟುತ್ತೇನೆಂದಾಗ ಮಗಳು ನಕ್ಕಳು. ಹೆಂಡತಿ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ರೈಲ್ವೆ ಸೇತುವೆಗಳನ್ನು ಪರೀಕ್ಷಿಸುವುದು ನನ್ನ ನೌಕರಿ. ಮೂವತ್ತು ವರ್ಷ ಬೇರೆಯವರು ಕಟ್ಟಿದ ಕಮಾನುಗಳ ಕೆಳಗೆ ಟಾರ್ಚು ಹಿಡಿದು ನಿಂತು, ಬಿರುಕು ಹುಡುಕಿ, ತಪ್ಪು ಬರೆದು ಸಹಿ ಹಾಕಿದವನು. ಸ್ವಂತ ಕೈಯಿಂದ ಒಂದು ಇಟ್ಟಿಗೆ ಕೂರಿಸಿದವನಲ್ಲ. ನಿವೃತ್ತಿಗೆ ಮುಂಚೆ ನಾನು ಕಟ್ಟಿದ್ದೊಂದು ನಿಲ್ಲಬೇಕೆಂಬ ಹಟ ಹಿಡಿಯಿತು.

ಎಪ್ಪತ್ತು ದಾಟಿದ ಬಂಗಾಳಿ ಮನೆಯೊಡತಿ, ಸಿಮೆಂಟು ಬೆಂಕಿಗೆ ಬಿರಿಯುತ್ತದೆ, ಗಂಗಾಮಾಟಿ ತರಿಸಿ ಎಂದರು. ಅವರ ಕಾಲದಲ್ಲಿ ಕಲ್ಲಿದ್ದಲ ಒಲೆಗೆ ನದಿಯ ಆ ಜೇಡಿಮಣ್ಣನ್ನೇ ಮೆತ್ತುತ್ತಿದ್ದರಂತೆ. ನಾನು ಮೂಗು ಮುರಿದೆ. ಆಮೇಲೆ ಓದಿ ನೋಡಿದರೆ ಅವರು ಹೇಳಿದ್ದೇ ಸರಿ. ತೆಪ್ಪಗೆ ಹೋಗಿ ಮಣ್ಣು ತಂದೆ.

ಓವನ್ನಿನ ಗುಮ್ಮಟಕ್ಕೆ ಅಚ್ಚಾಗಿ ಒದ್ದೆ ಮರಳನ್ನು ಗುಡ್ಡೆ ಹಾಕಿ, ತಟ್ಟಿ, ಹಳೆಯ ಪೇಪರ್ ಹೊದಿಸಿ, ಅದರ ಮೇಲೆ ಸುತ್ತಲೂ ಇಟ್ಟಿಗೆ ಕೂರಿಸುತ್ತ ಹೋಗಬೇಕು. ಮಣ್ಣು ಒಣಗಿದ ಮೇಲೆ ಮುಂದಿನ ಬಾಯಿಯಿಂದ ಮರಳನ್ನೆಲ್ಲ ಬಗೆದು ತೆಗೆಯಬೇಕು. ಆಗ ಗುಮ್ಮಟ ನಿಂತರೆ ನಿಂತಿತು, ಇಲ್ಲವಾದರೆ ಇಟ್ಟಿಗೆಯ ರಾಶಿ.

ಕಟ್ಟಲು ಎರಡು ಭಾನುವಾರ ಸಾಕಾಯಿತು. ಮರಳು ತೆಗೆಯಲು ಮಾತ್ರ ಕೈ ಬರಲಿಲ್ಲ. ಮಳೆ ಬಂದೀತೆಂದು ಬಾಯಿಗೆ ಟಾರ್ಪಾಲು ಇಳಿಬಿಟ್ಟು, ಇನ್ನೂ ಹಸಿ ಇದೆ ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಇದೇ ನೆಪ ಹೇಳಿದ ಗುತ್ತಿಗೆದಾರರನ್ನು ನಾನು ಚೆನ್ನಾಗಿ ಬೈದಿದ್ದೇನೆ. ನಿಜ ಹೇಳಬೇಕೆಂದರೆ, ಭಯವಾಗಿತ್ತು. ಇದು ಕುಸಿದರೆ ಇಷ್ಟು ವರ್ಷ ಹಾಕಿದ ಸಹಿಗಳಿಗೆ ಏನು ಬೆಲೆ ಎಂಬ ಹುಚ್ಚು ಯೋಚನೆ. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು, ಗುಮ್ಮಟವನ್ನು ಹೊರಗಿನಿಂದ ಒಮ್ಮೆ ತಟ್ಟಿ, ಮೆಟ್ರೋ ಹಿಡಿಯಲು ಹೊರಡುತ್ತಿದ್ದೆ.

ಐದನೆಯ ಭಾನುವಾರ ಮಗಳು ಹಿಟ್ಟು ಕಲಸಿಟ್ಟು, ಇವತ್ತೂ ಆಗದಿದ್ದರೆ ಅಂಗಡಿಯಿಂದಲೇ ತರಿಸುತ್ತೇನೆ ಎಂದಳು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಕರಣೆ ಹಿಡಿದು ಮಂಡಿಯೂರಿ, ಟಾರ್ಪಾಲು ಸರಿಸಿ ಕೈ ಹಾಕಿದೆ. ಕೈ ಮೊಣಕೈವರೆಗೆ ಹೋಯಿತು, ಭುಜದವರೆಗೂ ಹೋಯಿತು. ಒಳಗೆ ಮರಳೇ ಇರಲಿಲ್ಲ.

ತಿರುಗಿ ನೋಡಿದೆ. ಹಿತ್ತಲ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಪಕ್ಕದಲ್ಲಿ ಸಾಲಾಗಿ ಮರಳು ತುಂಬಿದ ಕುಂಡಗಳು, ಅವುಗಳಲ್ಲಿ ಮೆಂತ್ಯದ ಚಿಗುರು. ದಿನಾ ಅವುಗಳನ್ನು ದಾಟಿಯೇ ನಾನು ಓಡಾಡಿದ್ದೆ.

"ನೀವು ಆಫೀಸಿಗೆ ಹೋದ್ಮೇಲೆ ದಿನಾ ಒಂದೊಂದು ಬುಟ್ಟಿ ತೆಗೆದೆ ಕಣ್ರೀ," ಎಂದಳು. "ಖಾಲಿಯಾಗಿ ಒಂದ್ ವಾರ ಆಯ್ತು."

ಯಾಕೆ ಹಾಗೆ ಮಾಡಿದೆ, ಬಿದ್ದಿದ್ದರೆ ಏನು ಗತಿ ಎಂದು ರೇಗಿದೆ.

"ಬಿದ್ರೆ ನನ್ ಕೈಯಲ್ಲೇ ಬೀಳ್ಲಿ ಅಂತ."

ಅಭ್ಯಾಸಬಲದಿಂದ ಟಾರ್ಚು ತರಿಸಿ, ತಲೆಯನ್ನು ಒಳಗೆ ತೂರಿಸಿ ನೋಡಿದೆ. ನೆತ್ತಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಇತ್ತು. ಬೇರೆಯವರು ಕಟ್ಟಿದ್ದಾಗಿದ್ದರೆ ಬರೆದುಕೊಳ್ಳುತ್ತಿದ್ದೆ. ಟಾರ್ಚು ಆರಿಸಿ, ಸೌದೆ ತರಲು ಎದ್ದೆ.