ವಿಭೂತಿಯ ಕೆಳಗಿನ ಚರ್ಮ

ದೇಹ ನಶ್ವರವೆಂದು ತಿಳಿದವರೆಲ್ಲ ಹೇಳುತ್ತಾರೆ. ಆದರೆ ಅದು ಹೊಟ್ಟಿನಂತೆ ಉದುರಿ ಕರಿ ಪ್ಯಾಂಟಿನ ಮೇಲೆ ಬೀಳುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ದೇವದುರ್ಗದಲ್ಲಿ ನನ್ನದೊಂದು ಸೀರೆ ಅಂಗಡಿ. ಆ ವರ್ಷ ಮೊಳಕೈಯಿಂದ ಕೆಳಗೆ ಚರ್ಮ ಒಣಗಿ ಬಿಳಿ ಪುಡಿಯೇಳತೊಡಗಿತು; ಹಿಮ್ಮಡಿಯೂ ಬಿರಿಯಿತು. ಬೆರಳ ತುದಿ ಎಷ್ಟು ಒರಟಾಯಿತೆಂದರೆ, ಸೀರೆ ಬಿಚ್ಚಿ ತೋರಿಸುವಾಗ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಜಾಲಹಳ್ಳಿಯಿಂದ ಮದುವೆ ಜವಳಿಗೆ ಬಂದಿದ್ದ ಮುದುಕಿಯೊಬ್ಬಳು ಸೆರಗನ್ನು ಕಸಿದುಕೊಂಡು, "ಬಿಡಪಾ ನೀ! ಅದೇನ್ ಕೈಯೋ, ಜಾಲಿಮುಳ್ಳೋ!" ಎಂದಳು.

ನಕ್ಕೆ. ಆದರೆ ಮನಸ್ಸಿನಲ್ಲಿ ಕುಷ್ಠ ಎಂಬ ಮಾತು ಕೂತುಬಿಟ್ಟಿತು. ಆ ರೋಗದಲ್ಲಿ ಸ್ಪರ್ಶ ತಿಳಿಯುವುದಿಲ್ಲವೆಂದು ಕೇಳಿದ್ದೆ. ಬೆಳಿಗ್ಗೆ ಅಂಗಡಿಯ ಗುಂಡುಸೂಜಿಯಿಂದ ಕೈ ಚುಚ್ಚಿ ನೋಡಿಕೊಳ್ಳುತ್ತಿದ್ದೆ. ನೋವಾದರೆ ಪರಮಾನಂದ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಸಂಶಯ, ಮತ್ತೆ ಸೂಜಿ.

ಗುಟ್ಟು ಮುಚ್ಚಲು ಹೊಳೆದ ಉಪಾಯ ವಿಭೂತಿ. ಸ್ನಾನವಾದ ಮೇಲೆ ತೋಳಿಗೆ ಮೂರು ಪಟ್ಟೆ ಎಳೆಯುವುದು ಮನೆತನದ ಪದ್ಧತಿ. ಅದನ್ನೇ ಮುಂಗೈವರೆಗೆ ವಿಸ್ತರಿಸಿ ಧಾರಾಳವಾಗಿ ಬಳಿದುಕೊಂಡೆ. ಬಿಳುಪಿನ ಮೇಲೆ ಬಿಳುಪು. ಗಿರಾಕಿಗಳ ಕಣ್ಣಿಗೆ ನಾನು ಶಿವಶರಣನಾದೆ. ರಣಬಿಸಿಲಿನಲ್ಲೂ ಬೆವರದೆ ಶಾಲು ಹೊದ್ದು ಕೂತದ್ದನ್ನು ಕಂಡು ಪಕ್ಕದ ಅಂಗಡಿಯವರು, "ಸಾವುಕಾರ್ರ ತಪಸ್ಸು ಫಲಿಸ್ಯಾದ ನೋಡ್ರಿ" ಎಂದು ಕೈಮುಗಿದರು.

ಹೆಂಡತಿ ಮಾತ್ರ ಕೈಮುಗಿಯಲಿಲ್ಲ. "ಹಾಸಿಗಿ ಜಾಡಿಸಿದ್ರ ದಿನಾ ಹಿಟ್ಟು ಉದುರತದ. ನಡೀರಿ ರಾಯಚೂರಿಗೆ."

"ಏನೂ ಆಗಿಲ್ಲ ಬಿಡು."

"ಮತ್ತ ಕೈಗೆ ಸೂಜಿ ಯಾಕ ಚುಚ್ಚಿಗೋತೀರಿ? ರವಿಕಿ ಹೊಲಿಯಾಕತ್ತೀರೇನು?"

ರಾಯಚೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಚಿಂತೆ. ಕುಷ್ಠವೆಂದಾದರೆ, ನಾನು ಮುಟ್ಟಿದ ಸೀರೆಯನ್ನು ಯಾವ ಮದುಮಗಳು ಉಟ್ಟಾಳು? ಹೆಂಡತಿ ಕಡಲೆ ಕೊಟ್ಟಳು; ಜೇಬಿಗೆ ಹಾಕಿಕೊಂಡೆ.

ರಾಯಚೂರಿನ ಚರ್ಮದ ಡಾಕ್ಟರಮ್ಮ ನನ್ನ ತೋಳು ನೋಡಿ, "ಮೊದ್ಲು ಇದನ್ನ ತೊಳಕೊಂಡು ಬರ್ರಿ ಯಜಮಾನ್ರ. ನಾ ಚರ್ಮ ನೋಡಬೇಕು" ಎಂದರು. ತೊಳೆದು ಬಂದೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಸವರಿದರು. ಎಲ್ಲ ಕಡೆಯೂ ತಿಳಿಯಿತು. ಹಳದಿಗಟ್ಟಿದ ಅಂಗೈ, ಉದುರಿದ ಹುಬ್ಬಿನ ತುದಿ ನೋಡಿದರು.

"ಚಳಿ ಆಗತದೇನ್ರಿ?"

"ಆಗತದರಿ."

"ನಮ್ಮ ಊರಾಗ? ಮೇ ತಿಂಗಳದಾಗ?"

ನನ್ನ ತಪಸ್ಸು ಅಲ್ಲಿಗೆ ಮುಗಿಯಿತು. ರಕ್ತಪರೀಕ್ಷೆಗೆ ಬರೆದುಕೊಟ್ಟರು. ವರದಿ ಬರುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೆನಪಿದ್ದ ದೇವರನ್ನೆಲ್ಲ ಕರೆದೆ.

ಕುಷ್ಠವಲ್ಲ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಮಂದವಾಗಿತ್ತು; ಒಣ ಚರ್ಮಕ್ಕೂ ಚಳಿಗೂ ಅದೇ ಕಾರಣ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ಕೈಯ ಚರ್ಮ ಮೆತ್ತಗಾಯಿತು. ಹಿಮ್ಮಡಿಯ ಬಿರುಕು ಇನ್ನೂ ಇದೆ.